ತಿಂದು ನೋಡ್ಲಾ ಮಗ

ಜಪಾನಿ ಭಾಷೆ ಕಬ್ಬಿಣದ ಕಡಲೆ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಇಂಗ್ಲಿಷಿನ ಕಿಟಕಿಯಿಂದ ಇಣುಕಿದವರು. ಮಂಡ್ಯ ಜಿಲ್ಲೆಯ ಕ್ಯಾತನಹಳ್ಳಿಯ ಜಗಲಿಯಲ್ಲಿ 'ಮಿನ್ನಾ ನೋ ನಿಹೊಂಗೊ' ಪುಸ್ತಕ ಹರವಿಕೊಂಡು ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಗೆ ನಾನೇ ಗುರು, ನಾನೇ ಶಿಷ್ಯನಾಗಿ ಓದುತ್ತಿರುವ ನನಗೆ ಹಾಗನ್ನಿಸಿಲ್ಲ. ನನಗೆ ಸಿಕ್ಕ ಇಂಗ್ಲಿಷ್ ವಿವರಣೆ, ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯ ನಾಮಪದದ ಬೆನ್ನಿಗೆ ಬರುತ್ತದೆ ಎಂದು ದೊಡ್ಡ ಎಚ್ಚರಿಕೆ ಕೊಡುತ್ತದೆ. ಪಾಂಡವಪುರ ತಾಲ್ಲೂಕಿನವರಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನಿದೆ? 'ಅಂಗಡಿಗೆ ಹೋಗಿ ಹಾಲು ಕೊಂಡೆ' ಎಂಬುದನ್ನು ಪದಗಳ ಸಾಲು ಕದಲಿಸದೆ ಜಪಾನಿಗೆ ದಾಟಿಸಬಹುದು.

ಅಜ್ಜಿ ತಟ್ಟೆ ಮುಂದಿಟ್ಟು 'ವಸಿ ತಿಂದು ನೋಡ್ಲಾ ಮಗ' ಅಂದಾಗ ಯಾರೂ ಕಣ್ಣಗಲಿಸಿ ನೋಡುವುದಿಲ್ಲ, ರುಚಿ ನೋಡುತ್ತೇವೆ. ಜಪಾನಿನ ಅಜ್ಜಿಯೂ 'ತಬೆತೆ ಮಿತೆ' ಅನ್ನುತ್ತಾಳೆ: ತಿಂದು, ನೋಡು. 'ತಿಂದ್ಬುಟ್ಟೆ' ಅನ್ನುವುದಕ್ಕೂ ಅವರಲ್ಲಿ ಅಂಥದ್ದೇ ಜೋಡಿ ಕ್ರಿಯೆ ಇದೆ. ಅಜ್ಜಿಯ ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಿವರಣೆ ಬೇಕು.

ಅಕ್ಷರಮಾಲೆಯೂ ಅಪರಿಚಿತವಲ್ಲ. ಅ, ಇ, ಉ, ಎ, ಒ ಆದಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳ ಜೊತೆ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಶಿಸ್ತು ಅದು. ಇನ್ನು ಆ 'ಹ' ಸಾಲು ನೋಡಿ. ಹಳಗನ್ನಡದ ಪಾಲ್ ಮುಂದೆ ಹಾಲಾಯಿತು, ನಮ್ಮೂರ ಬಾಯಲ್ಲಿ ಆಲಾಯಿತು. ಜಪಾನಿಯಲ್ಲೂ ಒಂದು ಕಾಲದ ಪಕಾರವೇ ಹಕಾರವಾಗಿ, ಪದದ ನಡುವೆ ಸವೆದು ವಕಾರವಾಯಿತು. ಅದಕ್ಕೇ 'ಹ' ಎಂದು ಬರೆದ ಪ್ರತ್ಯಯವನ್ನು 'ವ' ಎಂದು ಓದುತ್ತಾರೆ. ಇದು ಅಪವಾದ, ಬಾಯಿಪಾಠ ಮಾಡಿ ಎನ್ನುತ್ತದೆ ಪುಸ್ತಕ. ಹಕಾರ ನುಂಗಿಯೇ ಬೆಳೆದ ಮಂಡ್ಯದವರಿಗೆ ಬಾಯಿಪಾಠ ಯಾಕೆ?

ನೆಂಟಸ್ತಿಕೆ ಕಟ್ಟುವ ಹುಚ್ಚು ನನಗಿಲ್ಲ. ಸುಸುಮು ಓನೊ ಎಂಬ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧವಿದೆ ಎಂದು ವಾದಿಸಿದ್ದರು, ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ನೆಂಟರಲ್ಲದಿದ್ದರೇನು, ನಡಿಗೆ ಒಂದೇ ಥರ ಇದೆಯಲ್ಲ.

ಕನ್ನಡ ಕೈಕೊಡುವುದು ಕಾಂಜಿ ಎಂಬ ಚಿತ್ರಾಕ್ಷರಗಳ ಹತ್ತಿರ. ಕೆಳಗಿನ ಮೆಟ್ಟಿಲಾದ ಎನ್5ಕ್ಕೇ ಸುಮಾರು 100 ಚಿತ್ರಾಕ್ಷರ ಬೇಕು, ಎನ್1ಕ್ಕೆ 2000ದ ಆಸುಪಾಸು. ಭಾನುವಾರ ಎಂದು ಬರೆಯುವಾಗ ಒಂದೇ ಅಕ್ಷರ ಎರಡು ಸಲ ಬರುತ್ತದೆ, ಮೊದಲು 'ನಿಚಿ', ಕೊನೆಗೆ 'ಬಿ'. ಇಲ್ಲಿ ಅಜ್ಜಿಯೂ ಇಲ್ಲ, ಹಳಗನ್ನಡವೂ ಇಲ್ಲ. ನೋಟ್‌ಬುಕ್ಕಿನಲ್ಲಿ ತಿದ್ದಬೇಕು, ಮರೆಯಬೇಕು, ಮತ್ತೆ ತಿದ್ದಬೇಕು.

ತಮಾಷೆಯೆಂದರೆ, ಪರೀಕ್ಷೆಯಲ್ಲಿ ಒಂದಕ್ಷರ ಬರೆಯುವಂತಿಲ್ಲ, ಒಂದು ಮಾತಾಡುವಂತಿಲ್ಲ. ಓದಿ, ಕೇಳಿ, ಸರಿಯುತ್ತರಕ್ಕೆ ಗುರುತು ಹಾಕಿದರಾಯಿತು. ಎನ್5ರಲ್ಲಿ 180ಕ್ಕೆ 80 ಬಂದರೆ ಪಾಸು. ಆದರೆ ಪ್ರತಿ ಭಾಗಕ್ಕೂ ಕನಿಷ್ಠ ಅಂಕವಿದೆ, ಆಲಿಸುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು. ಸರ್ಟಿಫಿಕೇಟು ಇಟ್ಟುಕೊಂಡೂ ಟೋಕಿಯೊದಲ್ಲಿ ಮೂಗನಾಗಿರಬಹುದು. 1984ರಿಂದ ನಡೆಯುತ್ತಿರುವ ಪರೀಕ್ಷೆಗೆ ಇನ್ನೂ ಬಾಯಿ ಬಂದಿಲ್ಲ ಎನ್ನುವುದು ನನ್ನ ತಕರಾರು.

ಊರಲ್ಲಿ ಕೇಳುವವರಿಗೆ ಇದೆಲ್ಲ ಬೇಡ. 'ಪಾಸಾದ್ರೆ ಬಿಡದಿ ಟೊಯೊಟಾದಲ್ಲಿ ಕೆಲ್ಸ ಕೊಡ್ತಾರಾ?' ಎಂಬುದೇ ಮೊದಲ ಪ್ರಶ್ನೆ. 2019ರಲ್ಲಿ ಜಪಾನು ತೆರೆದ ಹೊಸ ವೀಸಾದಲ್ಲಿ ಬೇಸಾಯದ ಕೆಲಸಕ್ಕೂ ಹೋಗಬಹುದು, ಅದಕ್ಕೆ ಎನ್4 ಇಲ್ಲವೇ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಬೇಕು ಎಂದು ಚಿಕ್ಕಪ್ಪನಿಗೆ ಹೇಳಿದೆ.

'ಗದ್ದೆ ಗೇಯಕ್ಕೂ ಪರೀಕ್ಷೆ ಬರೀಬೇಕೇನ್ಲಾ?'

'ಊ ಚಿಕ್ಕಪ್ಪ, ಬೇಸಾಯದ್ದೇ ಬ್ಯಾರೆ ಒಂದ್ ಪರೀಕ್ಷೆ ಅದೆ.'

'ಅಂಗಾದ್ರೆ ಅದ್ನ ನಾನ್ ಬರೀತೀನಿ ಬುಡು.'