ಬೀಗದ ಬದಲು ಒಂದು ಗಂಟೆ

ನಮ್ಮ ಲಗ್ಗೆರೆಯಲ್ಲಿ ಗೇಟಿನಿಂದ ಬಾಗಿಲವರೆಗೆ ಕಾರು ಬರುವಷ್ಟು ಜಾಗ ಇರುವ ಮನೆಗಳು ಕಡಿಮೆ. ಇಪ್ಪತ್ತು-ಮೂವತ್ತರ ಸೈಟು, ಗೇಟಿನ ಒಳಗೆ ಎರಡು ಸ್ಕೂಟರ್ ನಿಲ್ಲುವಷ್ಟು ಜಾಗ, ಪಕ್ಕದಲ್ಲಿ ಓನರ್ ಮನೆಗೆ ಹತ್ತುವ ಮೆಟ್ಟಿಲು, ಮೋರಿಯ ಮೇಲೆ ಚಪ್ಪಡಿ, ಅದರಾಚೆ ರಸ್ತೆ. ಆದರೂ ಡಬ್ಬಿಯ ಮೇಲೆ ‘ವೈರ್‌ಲೆಸ್ ಡ್ರೈವ್‌ವೇ ಅಲಾರಂ’ ಎಂದು ಬರೆದಿದ್ದ ಒಂದು ಸಾಧನವನ್ನು ಈ ವರ್ಷ ನಾನು ಮನೆಗೆ ತಂದು ಹಾಕಿದೆ. ಸಾಮಾನ್ಯವಾಗಿ ಇದನ್ನು ಹಾಕುವುದು ಒಳಗೆ ಯಾರು ಬಂದರು ಎಂದು ತಿಳಿಯಲು. ನಮಗೆ ಬೇಕಾಗಿದ್ದು ಮನೆಯಿಂದ ಹೊರಗೆ ಹೋಗುವವರು ತಿಳಿಯುವುದು.

ಹೋಗುವವರು ನನ್ನ ದಾದಾ. ಪೀಣ್ಯದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೇತ್ ಮೇಲೆ ಕೆಲಸ ಮಾಡಿದವರು. ಎರಡು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಡಾಕ್ಟರು ಡಿಮೆನ್ಷಿಯಾ ಎಂದರು. ಊಟ ಮಾಡಿದ್ದು ಮರೆಯುತ್ತಾರೆ, ನನ್ನನ್ನು ನನ್ನ ಚಾಚಾನ ಹೆಸರಿನಿಂದ ಕರೆಯುತ್ತಾರೆ. ಆದರೆ ಬೆಳಿಗ್ಗೆ ಆರರ ಶಿಫ್ಟು ಮಾತ್ರ ಮರೆತಿಲ್ಲ. ರಾತ್ರಿ ಮೂರಕ್ಕೋ ನಾಲ್ಕಕ್ಕೋ ಎದ್ದು, ಖಾಲಿ ಟಿಫನ್ ಕ್ಯಾರಿಯರ್ ಹಿಡಿದು, ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ದಿನ ರಿಂಗ್ ರೋಡಿನಲ್ಲಿ ಲಗ್ಗೆರೆ ಬ್ರಿಡ್ಜ್ ಹತ್ತಿರ ಸಿಕ್ಕರು. ಟೀ ಮಾರುವವರೊಬ್ಬರು ಅವರನ್ನು ಕೂರಿಸಿಕೊಂಡಿದ್ದರು. ರಾತ್ರಿಯೆಲ್ಲ ಲಾರಿಗಳು ಓಡುವ ರಸ್ತೆ ಅದು. ಅವರು ಅದನ್ನು ಹೇಗೆ ದಾಟಿದರೋ ಅಲ್ಲಾಹನಿಗೇ ಗೊತ್ತು.

ಮರುದಿನ ಅಬ್ಬಾ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದರು. ಆ ರಾತ್ರಿ ದಾದಾ ಅರ್ಧ ಗಂಟೆ ಬಾಗಿಲು ಅಲ್ಲಾಡಿಸುತ್ತಾ ನಿಂತಿದ್ದರು. “ತೆಗೀರಪ್ಪಾ, ಹಾಜರಿ ಹೋಗುತ್ತೆ, ಸಂಬಳ ಕಟ್ ಮಾಡ್ತಾರೆ” ಎಂದು ಅತ್ತರು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾವು ಯಾರೂ ನೋಡಿರಲಿಲ್ಲ. ಅಮ್ಮಿ ಮತ್ತೊಂದು ಮಾತು ಹೇಳಿದರು: “ಗ್ಯಾಸ್ ಸೋರಿದರೆ, ಬೆಂಕಿ ಹತ್ತಿದರೆ, ಕತ್ತಲಲ್ಲಿ ಕೀ ಹುಡುಕುವವರು ಯಾರು?” ಬೀಗ ಬೇಡ ಎಂದಾಯಿತು. ಪಕ್ಕದ ಮನೆಯವರು ಕ್ಯಾಮೆರಾ ಹಾಕಿಸಿ ಎಂದರು. ಆದರೆ ರಾತ್ರಿ ಮೂರಕ್ಕೆ ಅದನ್ನು ನೋಡುತ್ತಾ ಕೂರುವವರಿಲ್ಲ. ಅಲ್ಲದೆ ನಮ್ಮ ಗಲ್ಲಿ ಎಷ್ಟು ಕಿರಿದೆಂದರೆ, ಕ್ಯಾಮೆರಾ ಹಾಕಿದರೆ ಎದುರು ಮನೆಯ ಬಾಗಿಲೂ ಅದರಲ್ಲಿ ಬರುತ್ತದೆ. ಅಮ್ಮಿಗೆ ಅದು ಸರಿ ಕಾಣಲಿಲ್ಲ.

ಆಗ ನನಗೆ ನೆನಪಾದದ್ದು ಫಿಸಿಕ್ಸ್ ಪಾಠ. ಎಸ್.ಪಿ. ರೋಡಿಗೆ ಹೋಗಿ 1,100 ರೂಪಾಯಿಗೆ ಈ ಅಲಾರಂ ತಂದೆ. ಇದರಲ್ಲಿ ಎರಡು ಭಾಗ. ಹೊರಗೆ ಬ್ಯಾಟರಿಯ ಸೆನ್ಸರ್, ಒಳಗೆ ಪ್ಲಗ್ಗಿಗೆ ಹಾಕುವ ಗಂಟೆ. ಸೆನ್ಸರ್ ಮುಖ ನೋಡುವುದಿಲ್ಲ, ಚಿತ್ರ ತೆಗೆಯುವುದಿಲ್ಲ, ಶಾಖವನ್ನು ಮಾತ್ರ ಗುರುತಿಸುತ್ತದೆ. ವೀನ್ ನಿಯಮ ನೆನಪಿದೆಯೇ? 2.9 × 10⁻³ನ್ನು ದೇಹದ ಉಷ್ಣತೆ 310 ಕೆಲ್ವಿನ್‌ನಿಂದ ಭಾಗಿಸಿದರೆ ಸುಮಾರು 9.4 ಮೈಕ್ರೋಮೀಟರ್ ಬರುತ್ತದೆ. ನಮ್ಮೆಲ್ಲರ ದೇಹದಿಂದ ಆ ಸುತ್ತಿನ ಇನ್‌ಫ್ರಾರೆಡ್ ಕಿರಣ ಸದಾ ಹೊರಡುತ್ತಿರುತ್ತದೆ. ಸೆನ್ಸರ್ ಒಳಗೆ ಅಕ್ಕಪಕ್ಕ ಎರಡು ಪುಟ್ಟ ತುಣುಕುಗಳಿವೆ. ಶಾಖ ಒಂದರಿಂದ ಇನ್ನೊಂದಕ್ಕೆ ಸರಿದಾಗ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದರ ಮುಂದಿರುವ ಗೆರೆಗೆರೆಯ ಬಿಳಿ ಪ್ಲಾಸ್ಟಿಕ್ ಫ್ರೆನೆಲ್ ಲೆನ್ಸ್; 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ದೀಪಸ್ತಂಭಗಳಿಗಾಗಿ ರೂಪಿಸಿದ್ದೇ ಈ ಬಗೆಯ ಲೆನ್ಸ್.

ಇದರಿಂದ ಒಂದು ಉಪಯುಕ್ತ ವಿಷಯ ತಿಳಿಯುತ್ತದೆ. ಸೆನ್ಸರ್‌ಗೆ ನೇರವಾಗಿ ಎದುರು ಬರುವವರಿಗಿಂತ ಅಡ್ಡಲಾಗಿ ದಾಟುವವರು ಬೇಗ ಸಿಗುತ್ತಾರೆ. ಆದ್ದರಿಂದ ಅದನ್ನು ಬಾಗಿಲಿಗೆ ಎದುರಾಗಿ ಇಡದೆ, ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ, ಎದುರಿನ ಕಾಂಪೌಂಡ್ ಕಡೆಗೆ ಮುಖ ಮಾಡಿ ಇಟ್ಟೆ. ರಸ್ತೆಯ ಗಾಡಿಗಳು ಅದರ ಕಣ್ಣಿಗೆ ಬೀಳುವುದಿಲ್ಲ, ಗೇಟಿಗೆ ಹೋಗುವವರು ತಪ್ಪಿಸಿಕೊಳ್ಳುವುದಿಲ್ಲ. ನಾಯಿಗಳಿಗಿಂತ ಮೇಲಿರಲಿ ಎಂದು ನಾಲ್ಕು ಅಡಿ ಎತ್ತರ. ಕಾಂಪೌಂಡ್ ಮೇಲೆ ನಡೆಯುವ ಬೆಕ್ಕಿಗಾಗಿ ಲೆನ್ಸಿನ ಒಂದು ಅಂಚಿಗೆ ಕಪ್ಪು ಇನ್ಸುಲೇಷನ್ ಟೇಪ್. ಬಾಡಿಗೆ ಮನೆಯಾದ್ದರಿಂದ ಡ್ರಿಲ್ ಮಾಡದೆ ಎರಡು ಬದಿಯ ಅಂಟುಪಟ್ಟಿ ಬಳಸಿದೆ.

ಸೆನ್ಸರ್‌ನಿಂದ ಗಂಟೆಗೆ ಸುದ್ದಿ ಹೋಗುವುದು 433 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಅದರ ಉದ್ದ ಲೆಕ್ಕ ಹಾಕಿದರೆ ಸುಮಾರು 69 ಸೆಂಟಿಮೀಟರ್. ಇಟ್ಟಿಗೆ ಗೋಡೆಯನ್ನು ಅದು ದಾಟುತ್ತದೆ, ಲೋಹದ ಮುಂದೆ ಸೋಲುತ್ತದೆ. ಕಬ್ಬಿಣದ ಬೀರುವಿನ ಹಿಂದೆ ಇಟ್ಟು ಪರೀಕ್ಷಿಸಿದಾಗ ಗಂಟೆ ಒಮ್ಮೆ ಹೊಡೆದರೆ ಇನ್ನೊಮ್ಮೆ ಹೊಡೆಯಲಿಲ್ಲ. ನನ್ನ ಹಾಸಿಗೆಯ ತಲೆಯ ಬಳಿ ಇಟ್ಟಾಗ ಪ್ರತಿ ಸಲವೂ ಹೊಡೆಯಿತು. ಕರೆಂಟು ಹೋದರೂ ನಡೆಯಲಿ ಎಂದು ಪವರ್ ಬ್ಯಾಂಕಿಗೆ ಜೋಡಿಸಿದ್ದೇನೆ. ಸುತ್ತಲಿನ ಬಿಸಿ ದೇಹದ ಬಿಸಿಗೆ ಹತ್ತಿರವಾದಾಗ ಇಂಥ ಸೆನ್ಸರ್ ಮಂಕಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅಂಥ ಮಧ್ಯಾಹ್ನ ಇದನ್ನು ನಂಬುವಂತಿಲ್ಲ. ನಮಗೆ ಬೇಕಾದದ್ದು ತಂಪಾದ ರಾತ್ರಿಯಲ್ಲಿ, ಆಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಗಂಟೆಗೆ ಹತ್ತಾರು ರಾಗಗಳಿವೆ. ದಾದಾ ಬೆದರದಿರಲಿ ಎಂದು ಎಲ್ಲಕ್ಕಿಂತ ಮೆತ್ತನೆಯದನ್ನು ಆರಿಸಿದೆವು. ಅದು ಹೊಡೆದಾಗ ನಾನು ಎದ್ದು ಗೇಟಿಗೆ ಹೋಗುತ್ತೇನೆ. ಅವರನ್ನು ತಡೆಯುವುದಿಲ್ಲ, ಕ್ಯಾರಿಯರ್ ತೆಗೆದುಕೊಂಡು ಜೊತೆಗೆ ನಡೆಯುತ್ತೇನೆ. ಮುಚ್ಚಿದ ಬೇಕರಿಯವರೆಗೆ ಹೋಗಿ ತಿರುಗುತ್ತೇವೆ. ಮನೆ ಮುಟ್ಟುವಾಗ ಒಮ್ಮೊಮ್ಮೆ “ಇವತ್ತು ಕೆಲಸ ಕಮ್ಮಿ ಇತ್ತು” ಎಂದು ಅವರೇ ಹೇಳಿ ಮಲಗುತ್ತಾರೆ. ಕೆಲವು ದಿನ ಫಜರ್ ಅಜಾನ್ ಆಗಿರುತ್ತದೆ, ಆಗ ಮಸೀದಿಗೆ ಹೋಗುತ್ತೇವೆ. ಸಫ್‌ನಲ್ಲಿ ನಿಂತರೆ ಅವರಿಗೆ ಯಾರೂ ಏನೂ ನೆನಪಿಸಬೇಕಾಗಿಲ್ಲ. ನನಗೆ ನಿದ್ದೆ ಕಮ್ಮಿ, ಮೊದಲ ಪೀರಿಯಡ್‌ನಲ್ಲಿ ಆಕಳಿಸುತ್ತೇನೆ ಎಂಬುದು ನಿಜ. ಈಗ ವಾರದಲ್ಲಿ ಮೂರು ರಾತ್ರಿ ಗಂಟೆ ಅಬ್ಬಾನ ಕೋಣೆಗೆ ಹೋಗುತ್ತದೆ.

ಸ್ನೇಹಿತರೇ, ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಡಿಮೆನ್ಷಿಯಾ ಇದೆ. ವಯಸ್ಸಾಯಿತು, ಅರಳುಮರಳು ಎಂದು ಬಿಡಬೇಡಿ. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಚಿಕಿತ್ಸೆ ಇದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಯಾರಾದರೂ ಕಾಣೆಯಾದರೆ ತಕ್ಷಣ 112. ಅವರ ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇಡಿ; ಬ್ರಿಡ್ಜ್ ಹತ್ತಿರ ಸಿಕ್ಕ ದಿನ ದಾದಾ ಬಳಿ ಅದೂ ಇರಲಿಲ್ಲ, ಟೀ ಅಂಗಡಿಯವರಿಗೆ ನಮ್ಮ ಪರಿಚಯ ಇದ್ದದ್ದು ಪುಣ್ಯ. ಗಂಟೆ ಕಾಯಿಲೆ ವಾಸಿ ಮಾಡುವುದಿಲ್ಲ. ಮುಂದೆ ದಾದಾಗೆ ಗೇಟಿನ ದಾರಿಯೂ ಮರೆಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲಿಯವರೆಗೆ ತಿಂಗಳ ಮೊದಲ ಶುಕ್ರವಾರ ಬ್ಯಾಟರಿ ಪರೀಕ್ಷೆ ನನ್ನ ಕೆಲಸ. ನಿಮ್ಮ ಮನೆಗೆ ಇಂಥದ್ದು ಬೇಕಿದ್ದರೆ ಶನಿವಾರ ಫಿಸಿಕ್ಸ್ ಲ್ಯಾಬ್ ಹತ್ತಿರ ಸಿಗಿ, ಜೊತೆಗೆ ಬಂದು ಹಾಕಿಕೊಡುತ್ತೇನೆ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ