ಕರಿಬೇವಿನಲ್ಲಿ ಚಿಟ್ಟೆಗೂ ಒಂದು ಪಾಲು

ಸಾರಿನ ಒಗ್ಗರಣೆಗೆ ಎಣ್ಣೆ ಕಾಯುತ್ತಿತ್ತು. ಸಾಸಿವೆ ಸಿಡಿಯುವುದರೊಳಗೆ ನಾಲ್ಕು ಎಸಳು ಕರಿಬೇವು ಕಿತ್ತು ತರೋಣವೆಂದು ಹಿತ್ತಲಿಗೆ ಹೋದ ಅಮ್ಮ ಅಲ್ಲಿಯೇ ನಿಂತುಬಿಟ್ಟರು. ಮೊನ್ನೆ ಮೊನ್ನೆಯವರೆಗೆ ಚಿಗುರಿ ನಳನಳಿಸುತ್ತಿದ್ದ ಗಿಡದ ತುದಿಯಲ್ಲಿ ಈಗ ಬರೀ ಕಡ್ಡಿಗಳು. ಬಗ್ಗಿ ನೋಡಿದರೆ ಕಡ್ಡಿಗೆ ಅಂಟಿಕೊಂಡಂತೆ ಕಿರುಬೆರಳಿನಷ್ಟು ದಪ್ಪದ ಹಸಿರು ಹುಳುಗಳು. ಒಂದನ್ನು ಕಡ್ಡಿಯಿಂದ ತಿವಿದದ್ದೇ ತಡ, ಅದು ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಟ್ಟಿತು. ಅಷ್ಟರಲ್ಲಿ ಒಳಗೆ ಎಣ್ಣೆ ಹೊಗೆಯಾಡತೊಡಗಿತ್ತು. ಅಂದಿನ ಸಾರಿಗೆ ಕರಿಬೇವು ಬೀಳಲಿಲ್ಲ.

ಮೈಸೂರಿನ ಒಂದು ಬಡಾವಣೆಯ ೩೦-೪೦ ಅಡಿ ನಿವೇಶನದ ಮನೆ ಅದು. ಮುಂದೆ ನಾಲ್ಕು ಅಡಿ, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದಿಷ್ಟು ಮಣ್ಣು, ಆ ಮಣ್ಣಿನಲ್ಲಿ ಈ ಕರಿಬೇವು. ಸಂಜೆ ಕೆಲಸದಿಂದ ಬಂದ ಅಪ್ಪನಿಗೆ ವರದಿ ಮುಟ್ಟಿತು. ಅವರು ತಡಮಾಡಲಿಲ್ಲ. ಅಂಗಡಿಯಿಂದ ಔಷಧಿ ತಂದು, ನೀರಿಗೆ ಬೆರೆಸಿ, ಗಿಡ ತೊಯ್ಯುವಂತೆ ಸಿಂಪಡಿಸಿ, ಕೈ ತೊಳೆದುಕೊಂಡು ಒಳಬಂದರು. ಬೆಳಿಗ್ಗೆ ಹೊತ್ತಿಗೆ ಹುಳುಗಳೆಲ್ಲ ಬುಡದಲ್ಲಿ ಬಿದ್ದಿದ್ದವು.

ಇದೇ ಮನೆಯ ಮುಂಭಾಗದಲ್ಲಿ ಏಳನೇ ತರಗತಿಯ ಮಗಳು ಎರಡು ತಿಂಗಳಿಂದ ‘ಚಿಟ್ಟೆ ತೋಟ’ ಬೆಳೆಸುತ್ತಿದ್ದಳು. ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆ ಅವಳೇ ಆರಿಸಿಕೊಂಡ ವಿಷಯ. ಕುಂಡಗಳಲ್ಲಿ ಚೆಂಡು ಹೂ, ಜಿನಿಯಾ, ನಿತ್ಯಪುಷ್ಪ. ಚಿಟ್ಟೆಗಳು ಬರುತ್ತಿದ್ದುದೂ ನಿಜ. ಆದರೆ ಎರಡು ನಿಮಿಷ ಹೂವಿನ ಮೇಲೆ ಕೂತು, ಕಾಂಪೌಂಡು ಹಾರಿ ಹೋಗಿಬಿಡುತ್ತಿದ್ದವು. “ಬರ್ತಾವೆ ಅಜ್ಜಿ, ಆದ್ರೆ ನಮ್ಮನೇಲಿ ಇರೋದೇ ಇಲ್ಲ” ಎಂಬುದು ಅವಳ ದಿನದ ದೂರು.

ಅಜ್ಜಿ ತೀರ್ಥಹಳ್ಳಿ ಕಡೆಯವರು, ತೋಟದ ಮನೆಯಲ್ಲಿ ಬೆಳೆದವರು. ಸತ್ತು ಬಿದ್ದ ಹುಳುವೊಂದನ್ನು ಎಲೆಯ ಮೇಲೆ ಎತ್ತಿಟ್ಟುಕೊಂಡು ಮೊಮ್ಮಗಳಿಗೆ ತೋರಿಸಿದರು. “ಇವೇ ಕಣೇ ಪುಟ್ಟಿ ನಿನ್ನ ಚಿಟ್ಟೆಗಳು. ಮುಂಬಾಗಿಲಲ್ಲಿ ಹೂವಿಟ್ಟು ಕರೆದ್ರಿ, ಹಿತ್ತಲಲ್ಲಿ ಔಷಧಿ ಹೊಡೆದ್ರಿ.”

ಹುಡುಗಿ ಎರಡು ದಿನ ಅಪ್ಪನೊಡನೆ ಮಾತಾಡಲಿಲ್ಲ. ಅಪ್ಪನಿಗೂ ಸಂಕಟವಾಯಿತು. “ಗಿಡ ಉಳಿಸೋಣ ಅಂತ ತಾನೆ ಹೊಡೆದದ್ದು?” ಎಂದರು. ಅದೂ ಸುಳ್ಳಲ್ಲ. ಆದರೆ ಔಷಧಿ ಬಿದ್ದ ಎಲೆಯನ್ನು ಮನೆಯವರೂ ತಿನ್ನುವಂತಿರಲಿಲ್ಲ. ಹುಳು ತಿಂದಿದ್ದರೆ ಅರ್ಧ ಗಿಡ ಹೋಗುತ್ತಿತ್ತು; ಔಷಧಿಯಿಂದ ಒಂದು ತಿಂಗಳು ಪೂರಾ ಗಿಡವೇ ಹೋಯಿತು. ಕರಿಬೇವು ಅಂಗಡಿಯಿಂದ ಬಂತು.

ಹೂವು ಹೋಟೆಲು, ಎಲೆ ಮನೆ

ಹೂವಿಟ್ಟರೆ ಚಿಟ್ಟೆ ಬರುತ್ತದೆ ಎಂಬುದು ಅರ್ಧ ಸತ್ಯ. ಬೆಳೆದ ಚಿಟ್ಟೆಗೆ ಹೂವು ದಾರಿಯ ಹೋಟೆಲಿದ್ದಂತೆ. ಮಕರಂದ ಹೀರಿ ಮುಂದೆ ಹೋಗುತ್ತದೆ. ಅದು ಒಂದು ಕಡೆ ನೆಲೆ ನಿಲ್ಲಬೇಕಾದರೆ ಮೊಟ್ಟೆ ಇಡಲು ಸರಿಯಾದ ಎಲೆ ಬೇಕು. ಆ ಎಲೆಯನ್ನು ಅದರ ಮರಿಗಳು ತಿನ್ನಲು ಮನೆಯವರು ಬಿಡಬೇಕು.

ರೇಷ್ಮೆ ಹುಳುವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಮನಗರ, ಚನ್ನಪಟ್ಟಣದ ಕಡೆಯ ರೈತರು ಹುಳುವಿಗೆ ಹಿಪ್ಪುನೇರಳೆ ಸೊಪ್ಪನ್ನೇ ಹಾಕುತ್ತಾರೆ. ಬೇರೆ ಸೊಪ್ಪು ಎಷ್ಟೇ ಹಸಿರಾಗಿದ್ದರೂ ಅದು ಒಗ್ಗದು. ಬಹುಪಾಲು ಚಿಟ್ಟೆಗಳದ್ದೂ ಇದೇ ಹಟ. ತಾಯಿ ಚಿಟ್ಟೆ ಎಲೆಯ ಮೇಲೆ ಕೂತು ಕಾಲಿನಿಂದ ತಟ್ಟಿ ನೋಡುತ್ತದೆ. ಅದರ ರುಚಿ ತಿಳಿಯುವ ಅಂಗ ಇರುವುದು ಕಾಲಿನಲ್ಲಿ. ಇದು ತನ್ನ ಮಕ್ಕಳಿಗೆ ಸಲ್ಲುವ ಎಲೆ ಎಂದು ಖಾತ್ರಿಯಾದರೆ ಮಾತ್ರ ಮೊಟ್ಟೆ ಇಡುತ್ತದೆ.

ಹಾಗಾದರೆ ಯಾವ ಗಿಡಕ್ಕೆ ಯಾವ ಚಿಟ್ಟೆ? ಮನೆಯ ಸುತ್ತಮುತ್ತಲೇ ಉತ್ತರವಿದೆ. ಕರಿಬೇವು ಮತ್ತು ನಿಂಬೆ ಗಿಡಗಳಿಗೆ ಲೈಮ್ ಬಟರ್‌ಫ್ಲೈ ಮತ್ತು ಕಾಮನ್ ಮಾರ್ಮನ್ ಚಿಟ್ಟೆಗಳು ಬರುತ್ತವೆ. ಮೊದಲನೆಯದು ಕಪ್ಪು ಮೈಮೇಲೆ ತಿಳಿಹಳದಿ ಚುಕ್ಕೆಗಳ ಚೆಲುವೆ. ಬೀದಿಬದಿಯ ಎಕ್ಕದ ಗಿಡ ಪ್ಲೇನ್ ಟೈಗರ್ ಚಿಟ್ಟೆಯ ತವರು. ಕಣಗಿಲೆಯ ಎಲೆಯಡಿ ಕಾಮನ್ ಕ್ರೋ ಚಿಟ್ಟೆಯ ಕೋಶ ಬೆಳ್ಳಿಯ ಜುಮಕಿಯಂತೆ ತೂಗಾಡುತ್ತಿರುತ್ತದೆ. ಕಕ್ಕೆ ಮರಕ್ಕೆ ತಿಳಿಹಳದಿಯ ಎಮಿಗ್ರೆಂಟ್, ಸೀತಾಫಲಕ್ಕೆ ಹಸಿರು ಚುಕ್ಕೆಯ ಟೇಲ್ಡ್ ಜೇ, ಹರಳು ಗಿಡಕ್ಕೆ ಕಾಮನ್ ಕ್ಯಾಸ್ಟರ್.

ಈಶ್ವರಿ ಬಳ್ಳಿಯದು ಇನ್ನೂ ದೊಡ್ಡ ಕಥೆ. ಊರಿನ ತೋಟಗಳಲ್ಲಿ ಕ್ರಿಮ್ಸನ್ ರೋಸ್ ಚಿಟ್ಟೆಗೆ ಈ ಬಳ್ಳಿಯೇ ಆಧಾರ. ಮಲೆನಾಡಿನಲ್ಲಿ ಇದನ್ನೂ ಇದರ ಜಾತಿಯ ಬಳ್ಳಿಗಳನ್ನೂ ನಂಬಿ ಬದುಕುವುದು ಸದರ್ನ್ ಬರ್ಡ್‌ವಿಂಗ್, ಅಂದರೆ ಕರ್ನಾಟಕದ ರಾಜ್ಯ ಚಿಟ್ಟೆ. ೧೯೩೨ರಲ್ಲಿ ಅಳೆದ ಒಂದು ಬರ್ಡ್‌ವಿಂಗ್‌ನ ರೆಕ್ಕೆಯ ಹರವು ೧೯೦ ಮಿಲಿಮೀಟರ್. ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ಹೆಸರು ೮೮ ವರ್ಷ ಅದಕ್ಕಿತ್ತು. ೨೦೨೦ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ೧೯೪ ಮಿಲಿಮೀಟರ್ ಅಳತೆಯಿಂದ ಆ ಪಟ್ಟ ಪಡೆಯಿತು. ಇಷ್ಟು ದೊಡ್ಡ ಚಿಟ್ಟೆಯೂ ಬೇಲಿಯ ಒಂದು ಬಳ್ಳಿಯನ್ನು ನಂಬಿಕೊಂಡಿದೆ. ಕಳೆಯೆಂದು ಬಳ್ಳಿ ಕಿತ್ತೆಸೆದರೆ ಚಿಟ್ಟೆಯೂ ಹೋಯಿತು.

ಪೋಷಕರಿಗೆ ಇಲ್ಲಿ ಒಂದು ಎಚ್ಚರಿಕೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಕಣಗಿಲೆಯ ಎಲ್ಲ ಭಾಗವೂ ವಿಷ. ಈಶ್ವರಿ ಬಳ್ಳಿಯೂ ಬಾಯಿಗೆ ಹಾಕುವಂಥದ್ದಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಇವನ್ನು ಬಿಟ್ಟು ಕರಿಬೇವು, ನಿಂಬೆಗಳಿಂದಲೇ ಆರಂಭಿಸುವುದು ಒಳ್ಳೆಯದು. ಇನ್ನು ಮೈತುಂಬ ಕೂದಲಿರುವ ಕಂಬಳಿಹುಳವನ್ನು ಬರಿಗೈಯಲ್ಲಿ ಮುಟ್ಟಬಾರದು. ಅವುಗಳಲ್ಲಿ ಬಹುತೇಕ ಪತಂಗದ ಮರಿಗಳು. ಕೆಲವು ತಾಗಿದರೆ ಮೈಯೆಲ್ಲ ತುರಿಕೆ. ಕರಿಬೇವಿನ ಮೇಲಿನ ನುಣುಪು ಮೈಯ ಹಸಿರು ಹುಳು ಕೊಂಬು ತೋರಿಸಿ ಹೆದರಿಸುತ್ತದೆಯೇ ಹೊರತು ಏನೂ ಮಾಡದು.

ಎರಡನೆಯ ಗಿಡ

ಅಪ್ಪ ಒಂದು ಭಾನುವಾರ ನರ್ಸರಿಯಿಂದ ಇನ್ನೊಂದು ಕರಿಬೇವಿನ ಸಸಿ ತಂದರು. “ಹಳೇದು ಅಡುಗೆಮನೆಗೆ, ಇದು ನಿನ್ನ ಚಿಟ್ಟೆಗೆ” ಎಂದರು. ರಾಜಿಯಾಯಿತು. ನರ್ಸರಿ ಗಿಡಗಳಿಗೂ ಔಷಧಿ ಹೊಡೆದಿರುವ ಸಾಧ್ಯತೆ ಉಂಟು. ಆದ್ದರಿಂದ ಅದರ ಹಳೆಯ ಎಲೆಗಳನ್ನು ಸವರಿ, ಹೊಸ ಚಿಗುರು ಬರುವವರೆಗೆ ಕಾದರು. ಅಡುಗೆಮನೆಯಲ್ಲಿ ಹಿಂಡಿದ ನಿಂಬೆಯ ಬೀಜಗಳನ್ನು ಅಜ್ಜಿ ಒಂದು ಹಳೆಯ ಡಬ್ಬದಲ್ಲಿ ಹುಗಿದರು. ಸಸಿ ಗೇಣುದ್ದವಾದರೆ ಸಾಕು, ಅದರ ಎಳೆಯ ಎಲೆ ಚಿಟ್ಟೆಗೆ ಇಷ್ಟ.

ಮೂರನೆಯ ವಾರ ಎಳೆ ಚಿಗುರಿನ ಮೇಲೆ ಸಾಸಿವೆಗಿಂತ ಸಣ್ಣ, ತಿಳಿಹಳದಿ ಮುತ್ತಿನಂಥ ಮೂರು ಮೊಟ್ಟೆಗಳು ಕಂಡವು. ಹುಡುಗಿ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಳು. ಮೂರು ನಾಲ್ಕು ದಿನಕ್ಕೆ ಮರಿಗಳು ಹೊರಬಂದು ಮೊದಲು ಮೊಟ್ಟೆಯ ಸಿಪ್ಪೆಯನ್ನೇ ತಿಂದವು. ಆಗ ಅವು ಕಂದು ಬಣ್ಣ, ನಡುವೆ ಬಿಳಿ ಮಚ್ಚೆ. ಥೇಟ್ ಹಕ್ಕಿಯ ಹಿಕ್ಕೆ! ಹಿಕ್ಕೆಯನ್ನು ಯಾವ ಹಕ್ಕಿ ತಿಂದೀತು? ನಾಲ್ಕು ಬಾರಿ ಪೊರೆ ಕಳಚಿ ದೊಡ್ಡದಾದ ಮೇಲೆ ವೇಷ ಬದಲಿಸಿ ಎಲೆಯ ಹಸಿರು ತೊಟ್ಟವು. ಕೊನೆಯ ನಾಲ್ಕೈದು ದಿನ ಅವುಗಳ ಹೊಟ್ಟೆಬಾಕತನ ನೋಡಿ ಅಮ್ಮನೂ ಬೆರಗಾದರು.

ಆದರೆ ಕಥೆ ಪುಸ್ತಕದಲ್ಲಿದ್ದಂತೆ ನಡೆಯಲಿಲ್ಲ. ಒಂದು ಮಧ್ಯಾಹ್ನ ಟುವ್ವಿ ಹಕ್ಕಿಯೊಂದು ಬಂದು ಒಂದು ಹುಳುವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಯಿತು. ಉಳಿದೆರಡು ಕಡ್ಡಿಗೆ ನೂಲಿನ ಪಟ್ಟಿ ಬಿಗಿದುಕೊಂಡು ಕೋಶವಾದವು. ಹತ್ತು ದಿನ ಕಳೆದ ಮೇಲೆ ಒಂದು ಕೋಶದಲ್ಲಿ ಸಣ್ಣ ತೂತು ಕಂಡಿತು. ಚಿಟ್ಟೆಯ ಬದಲು ಸಾಸಿವೆಗಿಂತ ಸಣ್ಣ ಕಣಜಗಳು ಒಂದರ ಹಿಂದೊಂದು ಹೊರಬಂದವು. ತಾಯಿ ಕಣಜ ಕೋಶದೊಳಗೆ ಮೊಟ್ಟೆ ಇಟ್ಟು ಹೋಗಿತ್ತು. ಅದರ ಮರಿಗಳು ಚಿಟ್ಟೆಯನ್ನು ಒಳಗಿನಿಂದಲೇ ತಿಂದು ಮುಗಿಸಿದ್ದವು.

ಹುಡುಗಿ ಅಳುತ್ತಾ ಬಂದಳು. “ಮೂರಕ್ಕೆ ಒಂದೇ ಉಳೀತು. ಪ್ರಾಜೆಕ್ಟ್ ಫೇಲ್.”

ಇಂಥ ಹೊತ್ತಿನಲ್ಲಿ ಮಗುವಿಗೆ ಏನು ಹೇಳಬೇಕು? ಅಂಕಪಟ್ಟಿಯ ಲೆಕ್ಕದಲ್ಲಿ ಮೂರಕ್ಕೆ ಒಂದು ಎಂದರೆ ನಪಾಸೇ. ಅಜ್ಜಿ ಮಾತ್ರ ಬೇರೆ ಲೆಕ್ಕ ಹೇಳಿದರು. “ಟುವ್ವಿ ಮರಿ ಏನು ತಿನ್ಬೇಕು ಪುಟ್ಟಿ? ಎಲ್ಲ ಮೊಟ್ಟೇನೂ ಚಿಟ್ಟೆ ಆಗಿದ್ರೆ ಊರಲ್ಲಿ ಒಂದು ನಿಂಬೆ ಗಿಡದಲ್ಲೂ ಎಲೆ ಇರ್ತಿರಲಿಲ್ಲ.” ಅಮ್ಮ, “ನಡೆದದ್ದನ್ನ ನಡೆದ ಹಾಗೇ ಬರಿ. ಕಣಜದ್ದೂ ಬರಿ” ಎಂದರು. ಅಪ್ಪ ಔಷಧಿಯ ಬಾಟಲಿ ಇಟ್ಟಿದ್ದ ಮೂಲೆಯತ್ತ ನೋಡಿ ಸುಮ್ಮನಿದ್ದರು. ಹುಳು ಹತೋಟಿಗೆ ತರುವ ಕೆಲಸವನ್ನು ಹಕ್ಕಿ, ಕಣಜಗಳು ಪುಕ್ಕಟೆಯಾಗಿ ಮಾಡುತ್ತಿದ್ದವು. ಔಷಧಿ ಹೊಡೆದರೆ ಈ ಕೂಲಿಯಾಳುಗಳೂ ಸಾಯುತ್ತವೆ.

ತೋಟ ಮಾಡುವವರಿಗೆ

ಚಿಟ್ಟೆ ತೋಟಕ್ಕೆ ಎಕರೆಗಟ್ಟಲೆ ಜಾಗ ಬೇಡ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಬಾಲ್ಕನಿಯೂ ಆದೀತು. ಬಿಸಿಲಿಗೆ ಮೈಯೊಡ್ಡಿ ಕಾಯಿಸಿಕೊಂಡ ಮೇಲೆಯೇ ಚಿಟ್ಟೆ ಹಾರುವುದು. ಮಕರಂದಕ್ಕೆ ಕೇಪಳ, ರತ್ನಗಂಧಿ, ದಾಸವಾಳ, ಪೆಂಟಾಸ್, ಒಂಟಿ ಸುತ್ತಿನ ಚೆಂಡು ಹೂ ಒಳ್ಳೆಯವು. ತುಳಸಿ ತೆನೆಗೂ ಸಣ್ಣ ಚಿಟ್ಟೆಗಳು ಬರುತ್ತವೆ. ಒಂದೊಂದು ಬಗೆಯ ಒಂದೊಂದು ಗಿಡಕ್ಕಿಂತ ಒಂದೇ ಬಗೆಯ ನಾಲ್ಕಾರು ಗಿಡ ಗುಂಪಾಗಿದ್ದರೆ ದೂರದಿಂದಲೇ ಕಾಣುತ್ತದೆ. ಲಂಟಾನ ಹೂವಿಗೆ ಚಿಟ್ಟೆ ಮುತ್ತುತ್ತದೆಂದು ಅದನ್ನು ನೆಡಬೇಡಿ. ಅಮೆರಿಕ ಖಂಡದಿಂದ ಬಂದ ಆ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ನುಂಗುತ್ತಿದೆ.

ಒಂದು ಹಳೆಯ ತಟ್ಟೆಯಲ್ಲಿ ಮರಳು, ಮಣ್ಣು ಹಾಕಿ, ಚಿಟಿಕೆ ಉಪ್ಪು ಉದುರಿಸಿ ಸದಾ ತೇವವಾಗಿಡಿ. ಗಂಡು ಚಿಟ್ಟೆಗಳು ಲವಣಕ್ಕಾಗಿ ಕೆಸರು ಹೀರುತ್ತವೆ. ಕೊಳೆತ ಬಾಳೆಹಣ್ಣನ್ನು ಇನ್ನೊಂದು ಮೂಲೆಯಲ್ಲಿಟ್ಟರೆ ಹೂವಿನತ್ತ ಸುಳಿಯದ ಚಿಟ್ಟೆಗಳೂ ಬರುತ್ತವೆ. ಕೋಶ ಕಟ್ಟಿದ ಕಡ್ಡಿಯನ್ನು ಚೊಕ್ಕಟ ಮಾಡುವ ನೆಪದಲ್ಲಿ ಕತ್ತರಿಸಬಾರದು. ಬೇವಿನೆಣ್ಣೆ ಸಾವಯವವೆಂಬುದು ನಿಜ, ಆದರೆ ಚಿಟ್ಟೆಯ ಮರಿಗೆ ಅದೂ ಹಾನಿಯೇ. ಹುಳು ಹೆಚ್ಚಾದರೆ ಕೈಯಿಂದ ಎತ್ತಿ ಅದೇ ಜಾತಿಯ ಇನ್ನೊಂದು ಗಿಡಕ್ಕೆ ಬಿಡಿ. ಬೇರೆ ಗಿಡಕ್ಕೆ ಬಿಟ್ಟರೆ ಹಸಿವಿನಿಂದ ಸಾಯುತ್ತದೆ. ತುದಿ ತಿನ್ನಿಸಿಕೊಂಡ ಕರಿಬೇವು ಹೆದರುವುದಿಲ್ಲ. ಚಿವುಟಿದಂತಾಗಿ ಪಕ್ಕದಿಂದ ಮತ್ತಷ್ಟು ಚಿಗುರುತ್ತದೆ.

ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಗಿಡ, ಕಂಡ ಚಿಟ್ಟೆ, ಅದರ ನಡೆ ಬರೆದಿಡಲಿ. ಇಂಥ ಬರವಣಿಗೆ ಹುಡುಗಾಟವಲ್ಲ. ಜರ್ಮನಿಯ ಮರಿಯಾ ಸಿಬಿಲ್ಲಾ ಮೆರಿಯನ್ ಹದಿಮೂರನೆಯ ವಯಸ್ಸಿನಲ್ಲಿ ರೇಷ್ಮೆ ಹುಳು ಸಾಕುತ್ತಾ ಅವುಗಳ ಬದಲಾವಣೆ ನೋಡಿ ಚಿತ್ರಿಸತೊಡಗಿದಳು. ಮುಂದೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ, ೧೭೦೫ರಲ್ಲಿ ಅಲ್ಲಿಯ ಕೀಟಗಳನ್ನು ಅವು ತಿನ್ನುವ ಗಿಡದೊಂದಿಗೇ ಬಿಡಿಸಿದ ಗ್ರಂಥ ಪ್ರಕಟಿಸಿದಳು. ರಜೆಯಲ್ಲಿ ಬೆಂಗಳೂರಿಗೆ ಹೋದವರು ಬನ್ನೇರುಘಟ್ಟದಲ್ಲಿ ೨೦೦೬ರಲ್ಲಿ ಆರಂಭವಾದ ಚಿಟ್ಟೆ ಉದ್ಯಾನ ನೋಡಿ ಬರಬಹುದು. ನೋಡಿ ಬಂದ ಮೇಲೆ ಮನೆಯ ಕರಿಬೇವನ್ನೂ ಒಮ್ಮೆ ನೋಡಬೇಕು.

ಮೈಸೂರಿನ ಆ ಮನೆಯಲ್ಲಿ ಉಳಿದ ಕೋಶ ಒಂದು ಸೋಮವಾರ ಬೆಳಿಗ್ಗೆ ಕಪ್ಪಾಗಿ, ಒಳಗಿನ ರೆಕ್ಕೆಯ ಚುಕ್ಕೆಗಳು ಹೊರಗೇ ಕಾಣತೊಡಗಿದವು. ಶಾಲೆಯ ಬಸ್ಸು ಬರುವ ಹೊತ್ತು. ಹುಡುಗಿ ಕದಲಲಿಲ್ಲ. “ಬಸ್ಸು ಹೋದ್ರೆ ಹೋಗ್ಲಿ, ನಾನು ಸ್ಕೂಟರಲ್ಲಿ ಬಿಡ್ತೀನಿ” ಎಂದವರು ಅಪ್ಪ. ಕೋಶ ಬಿರಿಯಿತು. ಮುದುಡಿದ ಒದ್ದೆ ಬಟ್ಟೆಯಂಥದ್ದೊಂದು ಹೊರಬಂದು ಕಡ್ಡಿಗೆ ಜೋತುಬಿತ್ತು. ಸಹಾಯ ಮಾಡಲು ಯಾರೂ ಕೈ ಹಾಕಲಿಲ್ಲ. ಅದು ನಿಧಾನವಾಗಿ ರೆಕ್ಕೆಗೆ ರಸ ತುಂಬಿಕೊಂಡು ಅರಳಿತು. ಗಂಟೆಯೊಂದು ಕಳೆದ ಮೇಲೆ ಕಾಂಪೌಂಡು ದಾಟಿ ಹೋಯಿತು. ಹುಡುಗಿ ಆ ದಿನ ಮೊದಲ ಎರಡು ಪೀರಿಯಡ್ ಕಳೆದುಕೊಂಡಳು.

ಅಮ್ಮ ಈಗಲೂ ಒಗ್ಗರಣೆಗೆ ಎಣ್ಣೆ ಇಟ್ಟೇ ಕರಿಬೇವಿಗೆ ಹೋಗುತ್ತಾರೆ. ಆದರೆ ಉರಿ ಸಣ್ಣ ಮಾಡಿ ಹೋಗುತ್ತಾರೆ. ಎಸಳು ಕೀಳುವ ಮೊದಲು ಎಲೆಯ ಮೇಲೂ ಕೆಳಗೂ ನೋಡಬೇಕಲ್ಲ!