ದೋಣಿಯೊಳಗಣ ಮೇಜು

ಮನೆಯ ಮೇಜಿಗೆ ಕಾಲುಗಳು ನಾಲ್ಕೂ ಸಮನಾಗಿದ್ದರೆ ಸಾಕು. ಉಳಿದುದನ್ನು ನೆಲವು ನೋಡಿಕೊಳ್ಳುತ್ತದೆ. ದೋಣಿಯ ಮೇಜಿಗಾದರೋ ನಂಬತಕ್ಕ ನೆಲವೇ ಇಲ್ಲ. ಆದುದರಿಂದ ಅದನ್ನು ಕೂಡಿಸುವ ಬಡಗಿಯು ಮರವನ್ನು ಬಲ್ಲವನಾದರೆ ಸಾಲದು, ನೀರನ್ನೂ ಬಲ್ಲವನಾಗಿರಬೇಕು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ೧೯೭೪ರಲ್ಲಿ ಕಪಿಲೆಗೆ ಅಣೆಕಟ್ಟು ನಿಂತಿತು. ನಾಗರಹೊಳೆ, ಬಂಡೀಪುರಗಳ ಕಾಡುಗಳ ನಡುವೆ ಹಿನ್ನೀರು ಹರಡಿತು. ಬೇಸಿಗೆಯಲ್ಲಿ ನೀರಿಳಿದು ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ದಡಕ್ಕೆ ಬರುತ್ತವೆ. ಅವನ್ನು ನೋಡಲು ಜನರು ದೋಣಿಯೇರುತ್ತಾರೆ. ವಿಹಾರವೆಂದ ಮೇಲೆ ಕಾಫಿ, ಬುತ್ತಿ, ದುರ್ಬೀನುಗಳು ಬಂದೇ ಬರುವುವು. ಅವನ್ನಿಡಲು ಪುಟ್ಟದೊಂದು ಮೇಜು ಬೇಕೆನಿಸುವುದೂ ಸಹಜವೇ.

ಹರಿಗೋಲಿಗೆ ಈ ಚಿಂತೆಯಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಯಾತ್ರಿಕ ಪಾಯೆಸನು ತುಂಗಭದ್ರೆಯ ಹರಿಗೋಲುಗಳನ್ನು ಕಂಡು, ಬುಟ್ಟಿಯಂತೆ ದುಂಡಗಿರುವ ಈ ತೊಗಲಿನ ದೋಣಿಗಳು ಹದಿನೈದಿಪ್ಪತ್ತು ಜನರನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆಂದು ಬರೆದಿಟ್ಟನು. ಬಿದಿರಿನ ಹೆಣಿಗೆಗೆ ತಿರುಪು ಹಿಡಿಯದು. ಹರಿಗೋಲಿನವನಿಗೆ ಮಡಿಲೇ ಮೇಜು.

ಹಲಗೆಯ ದೋಣಿಯ ಮಾತು ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸೇನೆಗಾಗಿ ಮರದ ಕೆಲಸವೂ ಚರ್ಮದ ಹದಗಾರಿಕೆಯೂ ನಡೆದ ಹುಣಸೂರು ಗಾಡಿಗಳಿಗೆ ಹೆಸರಾಗಿತ್ತು. ಗಾಡಿಯ ಹೇರು ಮುಂದಕ್ಕೆ ಬಿದ್ದರೆ ಎತ್ತಿನ ಹೆಗಲು ನೋಯುವುದು, ಹಿಂದಕ್ಕೆ ಬಿದ್ದರೆ ನೊಗವೇ ಮೇಲೇಳುವುದು. ಈ ಮರ್ಮವನ್ನರಿತವನಿಗೆ ದೋಣಿಯ ತೂಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮೇಜು ದೋಣಿಯ ನಡುಗೆರೆಯ ಮೇಲೆಯೇ ನಿಲ್ಲತಕ್ಕದ್ದು. ಊಟದ ಮನೆಯ ಎರಡೂವರೆ ಅಡಿಯ ಎತ್ತರ ಇಲ್ಲಿಗೆ ಸಲ್ಲದು. ಒಂದೂವರೆ ಅಡಿ ಸಾಕು, ಏಕೆಂದರೆ ಭಾರವು ಮೇಲೇರಿದಷ್ಟೂ ದೋಣಿಯ ಸ್ಥಿರತೆ ಕುಗ್ಗುತ್ತದೆ. ಬೀಟೆ ಚೆಲುವಾದರೂ ಭಾರ. ತೇಗವು ಅದಕ್ಕಿಂತ ಹಗುರ, ನೀರಿಗೆ ಬೇಗ ಕೊಳೆಯದು. ತಳದ ಹಲಗೆಯನ್ನು ಎಂದಿಗೂ ಕೊರೆಯಕೂಡದು. ಅದರ ಮೇಲಣ ಅಡ್ಡಪಟ್ಟಿಗಳಿಗೆ ಹಿತ್ತಾಳೆಯ ತಿರುಪುಗಳಿಂದ ಬಿಗಿಯಬೇಕು. ಕಬ್ಬಿಣವಾದರೆ ತಾನೂ ತುಕ್ಕುಹಿಡಿದು ತೇಗವನ್ನೂ ಕಪ್ಪಾಗಿಸುತ್ತದೆ. ಮೂಲೆಗಳು ದುಂಡಾಗಿರಲಿ, ಅಂಚಿಗೆ ಬೆರಳಗಲದ ಕಟ್ಟಿರಲಿ. ಎಲ್ಲಕ್ಕೂ ಮಿಗಿಲಾಗಿ ಮೇಜು ಮಡಿಸಿಡಲು ಬರುವಂತಿರಬೇಕು. ಆಪತ್ತಿನಲ್ಲಿ ಹೊರಬೀಳುವ ದಾರಿಗೆ ಅದು ಅಡ್ಡವಾಗಬಾರದಲ್ಲವೆ?

ಇಷ್ಟಾದರೂ ಅಪಾಯವಿರುವುದು ಮೇಜಿನಲ್ಲಲ್ಲ. ೮ ಕಿಲೋ ತೂಗುವ ಮೇಜು ನಡುಗೆರೆಯಿಂದ ಅರ್ಧ ಮೀಟರು ಸರಿದರೆ ದೋಣಿಯ ಮೇಲಾಗುವ ಪರಿಣಾಮಕ್ಕಿಂತ, ೬೦ ಕಿಲೋ ತೂಗುವ ಒಬ್ಬನು ಒಂದು ಮೀಟರು ಸರಿದರೆ ಆಗುವುದು ಹದಿನೈದು ಮಡಿ ಹೆಚ್ಚು. "ಅಗೋ, ಆನೆ!" ಎಂಬ ಕೂಗು ಕೇಳಿದೊಡನೆ ಹತ್ತು ಮಂದಿ ಎದ್ದು ಒಂದೇ ಮಗ್ಗುಲಿಗೆ ಧಾವಿಸಿದರೆ ಲೆಕ್ಕ ಹಾಕುವಷ್ಟು ಹೊತ್ತೂ ಉಳಿಯದು. ತಗ್ಗಾದ ಮೇಜಿನ ಸುತ್ತ ಕುಳಿತವರು ಲೋಟವನ್ನು ಕೈಯಲ್ಲಿ ಹಿಡಿದೇ ಕತ್ತು ಹೊರಳಿಸಿ ನೋಡುತ್ತಾರೆ. ಅವರನ್ನು ನಡುವೆ ಕೂರಿಸಿಡುವುದೇ ಅದರ ಬಹುದೊಡ್ಡ ಉಪಕಾರ. ಆದರೂ ತೇಲುವ ಅಂಗಿಯ ಕೆಲಸವನ್ನು ಅದು ಮಾಡಲಾರದು. ಅಂಗಿಯನ್ನು ತೊಟ್ಟ ಮೇಲೆಯೇ ಕಾಫಿ.

ಈ ನೀರಿನ ತಳದಲ್ಲಿ ಜನರು ಬಿಟ್ಟುಹೋದ ಊರುಗಳಿವೆ, ಹೊಲಗಳಿವೆ. ಕಾಕನಕೋಟೆಯ ಕಾಡಿನಲ್ಲಿ ಕಡೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಕೆಲವು ವರ್ಷಗಳಲ್ಲಿಯೇ ಆ ಸೀಮೆಯ ಬಹುಭಾಗ ನೀರುಪಾಲಾಯಿತು. ಒಂದು ಕಾಲಕ್ಕೆ ಬುತ್ತಿ ಬಿಚ್ಚಿ ಕುಳಿತವರಿದ್ದ ಬದುಗಳ ಮೇಲೆಯೇ ಇಂದಿನ ಬುತ್ತಿಯೂ ತೇಲುತ್ತದೆ. ಮೇಜಿಗೆ ಕೈಯೂರಿ ಕೆಳಗಣ ಮಂಕುನೀರನ್ನು ನೋಡುವವನು ಆನೆಗಳ ಜೊತೆಗೆ ಅವರನ್ನೂ ಕ್ಷಣಕಾಲ ನೆನೆದರೆ, ವಿಹಾರದ ಸೊಗಸಿಗೆ ಅದರಿಂದ ಕುಂದೇನೂ ಬಾರದು.